ಹಲವು ಸಂಸ್ಕೃತಿಗಳ ವಿದ್ಯಾರ್ಥಿಗಳಿಗೆ ನೆರವು: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮ ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಭಾಷೆ, ಸಂಸ್ಕೃತಿಗಳಿಂದ ಬಂದವರಿಗಾಗಿ ನೆರವಿನ ಘಟಕ ತೆರೆಯುವ ಹೊಣೆ ನನ್ನದಾಗಿದೆ. ವರ್ಷಕ್ಕೊಂದು ಸಾಂಸ್ಕೃತಿಕ ಉತ್ಸವ, ಹಿಂದುಳಿದವರಿಗೆ ವಿಶೇಷ ತರಗತಿ ಎಂದು ಯೋಜನೆ ಹಾಕಿದ್ದೇವೆ. ಇಷ್ಟು ಸಾಕೇ?

ಉತ್ತರ: ಸಾಲದು. ಉತ್ಸವ ನಡೆಯಲಿ, ಆದರೆ ಮೊದಲ ಸೆಮಿಸ್ಟರಿನಲ್ಲೇ ಗಣಿತದಲ್ಲಿ ಮುಗ್ಗರಿಸಿ ಓದು ಬಿಡುವವರನ್ನು ಅದು ತಡೆಯಲಾರದು. ‘ಹಿಂದುಳಿದವರ ತರಗತಿ’ ಎಂಬ ಬೋರ್ಡಂತೂ ಖಂಡಿತ ಬೇಡ. ಆ ಹಣೆಪಟ್ಟಿಗೆ ಹೆದರಿ, ನೆರವು ಯಾರಿಗೆ ಬೇಕೋ ಅವರೇ ಅತ್ತ ಸುಳಿಯುವುದಿಲ್ಲ.

1970ರ ದಶಕದ ಕೊನೆಯಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು, ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಯಾಕೆ ಸೋಲುತ್ತಾರೆಂದು ಹತ್ತಿರದಿಂದ ಗಮನಿಸಿದರು. ಆಸಕ್ತಿಯಿಲ್ಲ, ಮನೆಯವರ ಒತ್ತಾಸೆಯಿಲ್ಲ ಎಂಬ ಊಹೆಗಳು ನಿಲ್ಲಲಿಲ್ಲ. ಆ ಮಕ್ಕಳು ಶ್ರದ್ಧೆಯಿಂದಲೇ ಓದುತ್ತಿದ್ದರು, ಆದರೆ ಒಂಟಿಯಾಗಿ. ಚೀನೀ ಮೂಲದವರು ಒಟ್ಟಿಗೆ ಕೂತು ಒಬ್ಬರ ತಪ್ಪನ್ನೊಬ್ಬರು ತಿದ್ದಿಕೊಳ್ಳುತ್ತಿದ್ದರು. ಟ್ರೈಸ್‌ಮನ್ ಕಟ್ಟಿದ ಕಾರ್ಯಾಗಾರದಲ್ಲಿ ಸುಲಭದ ಲೆಕ್ಕಗಳಲ್ಲ, ಕಷ್ಟದವೇ ಇದ್ದವು; ಗುಂಪಿನಲ್ಲಿ ಬಿಡಿಸಬೇಕಿತ್ತು. ಫಲಿತಾಂಶ ಎದ್ದು ಕಾಣುವಂತೆ ಸುಧಾರಿಸಿತು.

ಹಾಗಾಗಿ ವಿದ್ಯಾರ್ಥಿಗಳನ್ನಲ್ಲ, ಕೋರ್ಸುಗಳನ್ನು ಆರಿಸಿ. ಮೂರು ವರ್ಷದ ಫಲಿತಾಂಶ ತರಿಸಿ, ನೂರಕ್ಕೆ 30ಕ್ಕಿಂತ ಹೆಚ್ಚು ಮಂದಿ ಸೋತ ಅಥವಾ ನಡುವೆ ಕೈಬಿಟ್ಟ ಕೋರ್ಸುಗಳನ್ನು ಗುರುತು ಹಾಕಿ. ಮಿಸೌರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ಶುರುವಾದ ಪೂರಕ ಬೋಧನೆಯ ತಿರುಳೂ ಇದೇ. ಆ ಕೋರ್ಸನ್ನು ಚೆನ್ನಾಗಿ ಮುಗಿಸಿದ ಹಿರಿಯ ವಿದ್ಯಾರ್ಥಿ ಮತ್ತೆ ಎಲ್ಲ ಪಾಠಕ್ಕೂ ಕೂತು, ಆಮೇಲೆ ಗುಂಪನ್ನು ನಡೆಸುತ್ತಾರೆ.

ಗುಂಪಿಗೆ ಐದಾರು ಜನ, ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಗಂಟೆ ಇರಲಿ. ವೇಳಾಪಟ್ಟಿಯಲ್ಲೇ ಸೇರಿಸಿ, ಸಂಜೆಗೆ ತಳ್ಳಿದರೆ ದುಡಿದು ಓದುವವರು ತಪ್ಪಿಹೋಗುತ್ತಾರೆ. ಬಾಗಿಲು ಎಲ್ಲರಿಗೂ ತೆರೆದಿರಲಿ, ಆದರೆ ಕರೆ ಸಾಮೂಹಿಕ ಇಮೇಲ್ ಆಗದಿರಲಿ. ಮನೆತನದಲ್ಲೇ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರಿಗೆ, ಬೋಧನೆಯ ಭಾಷೆ ಹೊಸದಾದವರಿಗೆ ಹೆಸರು ಹಿಡಿದು ಬರೆಯಿರಿ. ಅದೂ ಮೂರನೇ ವಾರದೊಳಗೆ, ಮೊದಲ ಕಿರುಪರೀಕ್ಷೆಗೆ ಮುಂಚೆ. ಅಂಕ ಬಂದ ಮೇಲೆ ಕರೆದರೆ ಶಿಕ್ಷೆಯಂತೆ ಕೇಳಿಸುತ್ತದೆ.

ಪ್ರಶ್ನೆ: ಕಿರಿಯರಿಗೆ ಮಾರ್ಗದರ್ಶಕರಾಗಿ ಬಂದ ಹಿರಿಯ ವಿದ್ಯಾರ್ಥಿಗಳು ಪರೀಕ್ಷೆ ಹತ್ತಿರವಾದಂತೆ ಒಬ್ಬೊಬ್ಬರೇ ಬಿಟ್ಟುಹೋದರು. ಎಲ್ಲಿ ತಪ್ಪಿದೆವು?

ಉತ್ತರ: ಬಹುಶಃ ಪುಕ್ಕಟೆ ದುಡಿಸಿದ್ದೀರಿ. ಗಂಟೆಯ ಲೆಕ್ಕದಲ್ಲಿ ಭತ್ಯೆ ಕೊಡಿ. ಒಬ್ಬರಿಗೆ ಎಂಟರಿಂದ ಹತ್ತು ಕಿರಿಯರು, ವಾರಕ್ಕೆ ಆರು ಗಂಟೆ. ಅದಕ್ಕಿಂತ ಹೆಚ್ಚು ಬೇಡ. ಪರೀಕ್ಷೆಗೆ ಎರಡು ವಾರ ಮೊದಲು ಅದನ್ನೂ ಅರ್ಧಕ್ಕೆ ಇಳಿಸಿ, ಉಳಿದದ್ದನ್ನು ಸಿಬ್ಬಂದಿ ನೋಡಿಕೊಳ್ಳಲಿ. ಒಂದು ಸಮುದಾಯದಿಂದ ಒಬ್ಬರೇ ಮಾರ್ಗದರ್ಶಕರಿದ್ದರೆ ಎಲ್ಲರ ಸಂಕಟವೂ ಅವರ ತಲೆಗೇ ಬರುತ್ತದೆ, ಕನಿಷ್ಠ ಇಬ್ಬರಿರಲಿ. ಆತ್ಮಹತ್ಯೆಯ ಮಾತು, ಕಿರುಕುಳದ ದೂರು, ವೀಸಾ ತೊಡಕು ಎದುರಾದರೆ ಅದೇ ದಿನ ಯಾರಿಗೆ ಒಪ್ಪಿಸಬೇಕೆಂಬುದು ಅವರ ಕೈಯಲ್ಲಿರುವ ಕಾರ್ಡಿನಲ್ಲಿ ಬರೆದಿರಬೇಕು. ಇಪ್ಪತ್ತು ವರ್ಷದವರ ಮೇಲೆ ಆಪ್ತಸಮಾಲೋಚಕರ ಹೊಣೆ ಹೊರಿಸುವುದು ಅನ್ಯಾಯ.

ಪ್ರಶ್ನೆ: ಅನುದಾನ ಕಡಿಮೆ. ಮೊದಲು ಕಟ್ಟಡ ಮಾಡಿಕೊಳ್ಳಬೇಕೇ?

ಉತ್ತರ: ಬೇಡ, ಖಾಲಿ ಕೊಠಡಿ ಸಾಕು. ಮಾರ್ಗದರ್ಶಕರ ಭತ್ಯೆ ತೆಗೆದಿಟ್ಟು, ಉಳಿದದ್ದರಲ್ಲಿ ತುರ್ತು ನಿಧಿ ಮಾಡಿ. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಲ್ಲಿ ಆರಂಭಿಸಿದ ಕಿರು ಅನುದಾನ ನೋಡಿ: ಸಣ್ಣ ಶುಲ್ಕ ಬಾಕಿಗೇ ದಾಖಲಾತಿ ಕಳೆದುಕೊಳ್ಳಲಿದ್ದವರನ್ನು ವಿಶ್ವವಿದ್ಯಾಲಯವೇ ಗುರುತಿಸಿ ಬಾಕಿ ತುಂಬಿತು, ಅರ್ಜಿಗೆ ಕಾಯಲಿಲ್ಲ. ಇಂಥ ನಿಧಿ ಕೆಡುವುದು ಸಮಿತಿಯಲ್ಲಿ. ತಿಂಗಳಿಗೊಮ್ಮೆ ಸಭೆ ಸೇರುವಷ್ಟರಲ್ಲಿ ಶುಲ್ಕದ ಗಡುವು ಮುಗಿದಿರುತ್ತದೆ. ನಿಗದಿತ ಮೊತ್ತದವರೆಗೆ ಒಬ್ಬ ಅಧಿಕಾರಿಯ ಸಹಿ ಸಾಲುವಂತೆ, 48 ಗಂಟೆಯೊಳಗೆ ತೀರ್ಮಾನವಾಗುವಂತೆ ನಿಯಮ ಬರೆಯಿರಿ. ಸಂಯೋಜಕರ ಹುದ್ದೆಯನ್ನು ಮಾತ್ರ ಯೋಜನಾ ಅನುದಾನಕ್ಕೆ ಕಟ್ಟಬೇಡಿ. ವಿಶ್ವವಿದ್ಯಾಲಯದ ಕಾಯಂ ಬಜೆಟ್ಟಿನಲ್ಲೇ ಸೇರಿಸಿ, ಇಲ್ಲದಿದ್ದರೆ ಅನುದಾನ ನಿಂತ ವರ್ಷವೇ ಘಟಕಕ್ಕೂ ಬೀಗ ಬೀಳುತ್ತದೆ.