ಗೋಲಗುಮ್ಮಟ ಬಿಡಿ, ಆ ಹಸಿರು ಬೆಳಕಿನಿಂದ ಶುರು ಮಾಡಿ

ನಮಸ್ಕಾರ. ವಿಜಯಪುರದಿಂದ ನೀವು ಕಳಿಸಿದ 'ಜೀವಕೋಶಗಳ ಮಾತುಕತೆ' ಲೇಖನವನ್ನು ಇಲ್ಲಿ ಬೆಳಗಾವಿಯಲ್ಲಿ ಕೂತು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಬರೀ ನೊಬೆಲ್ ಪಡೆದವರ ಹೆಸರು, ಇಸವಿ, 'ಅದ್ಭುತ', 'ವಿಸ್ಮಯ'. ನಾಲ್ಕನೇ ಪುಟದಲ್ಲಿ ನೀವು ಬೆಂಗಳೂರಿಗೆ, ನಿಮ್ಮ ಅಕ್ಕ ಸಂಶೋಧನೆ ಮಾಡುವ ಲ್ಯಾಬಿಗೆ ಹೋಗುತ್ತೀರಿ. ಕತ್ತಲೆ ಕೋಣೆ. ಅಕ್ಕ ಲೆನ್ಸಿನ ತುದಿಗೆ ಒಂದು ಹನಿ ಎಣ್ಣೆ ಬಿಡುತ್ತಾರೆ, ಕೋಶಗಳಿರುವ ತಟ್ಟೆಗೆ ಪಿಪೆಟ್ಟಿನಿಂದ ಎಟಿಪಿ (ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲೂ ಬಳಸುವ ಅಣು) ಹಾಕುತ್ತಾರೆ, ನೀವು ಉಸಿರು ಬಿಗಿಹಿಡಿದು ನೋಡುತ್ತಿರುವಾಗಲೇ ಪರದೆಯ ಮೇಲೆ ಒಂದು ಕೋಶ ಹಸಿರಾಗಿ ಬೆಳಗುತ್ತದೆ, ಆಮೇಲೆ ಅದರ ಪಕ್ಕದ್ದು. ಇಂಥದ್ದಕ್ಕೆ ನಾಲ್ಕೇ ಸಾಲು ಕೊಟ್ಟಿದ್ದೀರಲ್ಲ! ಲೇಖನ ಇಲ್ಲಿಂದಲೇ ಶುರುವಾಗಬೇಕು.

ಒಂದು ತಪ್ಪು ತಿದ್ದಿ. ಪರದೆಯ ಮೇಲೆ ಹಸಿರಾಗಿ ಹೊಳೆಯುವುದು ಕ್ಯಾಲ್ಸಿಯಂ ಅಂತ ಬರೆದಿದ್ದೀರಿ. ಹೊಳೆಯುವುದು ಕ್ಯಾಲ್ಸಿಯಂ ಅಲ್ಲ, ಕೋಶದೊಳಗೆ ಮೊದಲೇ ಸೇರಿಸಿದ, ಕ್ಯಾಲ್ಸಿಯಂ ಅಂಟಿಕೊಂಡಾಗ ಹೊಳೆಯುವ ಬಣ್ಣ (ಡೈ). ಕೋಶದ ಹೊರಗೆ ಕ್ಯಾಲ್ಸಿಯಂ ಒಳಗಿಗಿಂತ ಸುಮಾರು 10,000 ಪಟ್ಟು ಜಾಸ್ತಿ. ಒಳಗೆ ಅಷ್ಟು ಕಡಿಮೆ ಇರುವುದರಿಂದಲೇ ಸ್ವಲ್ಪ ಏರಿದರೂ ಕೋಶಕ್ಕೆ ಅದು ಸುದ್ದಿ. ಇದನ್ನು ಬರೆಯಿರಿ, ಓದುಗರಿಗೆ ಆ ಹಸಿರು ಯಾಕೆ ಮುಖ್ಯ ಅಂತ ತಿಳಿಯುತ್ತದೆ.

ಕೋಶದ ಸುದ್ದಿಯನ್ನು ಗೋಲಗುಮ್ಮಟದ ಪ್ರತಿಧ್ವನಿಗೆ ಹೋಲಿಸಿದ್ದನ್ನು ತೆಗೆಯಿರಿ. ನಿಮ್ಮೂರಿನ ಮೇಲಿನ ಪ್ರೀತಿ ಗೊತ್ತು, ಆದರೆ ಅಲ್ಲಿ ಕೂಗಿದ ಮಾತೇ ಮರಳಿ ಮರಳಿ ಕೇಳುತ್ತದೆ, ಪ್ರತಿ ಸಲ ಕ್ಷೀಣವಾಗುತ್ತಾ. ಕೋಶದಲ್ಲಿ ಹಾಗಲ್ಲ. ಎಟಿಪಿ ಹೊರಗೇ ನಿಲ್ಲುತ್ತದೆ. ಅದು ಪೊರೆಯ ಮೇಲಿನ ಗ್ರಾಹಕಕ್ಕೆ (ಹೊರಗಿನ ಸುದ್ದಿ ಹಿಡಿಯುವ ಪ್ರೋಟೀನಿಗೆ) ತಾಗಿದರೆ ಸಾಕು, ಒಳಗೆ ಬೇರೆಯೇ ಅಣುಗಳು ಕೆಲಸಕ್ಕೆ ಇಳಿದು, ಸುದ್ದಿ ಹಂತಹಂತಕ್ಕೆ ದೊಡ್ಡದಾಗಿ, ಕೊನೆಗೆ ಕೋಶದೊಳಗಿನ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬರುತ್ತದೆ. ಮನೆ ಬೆಲ್ಲು ಒತ್ತಿದ ಹಾಗೆ: ಒತ್ತಿದ ಬೆರಳು ಹೊರಗೇ ಇರುತ್ತದೆ, ಒಳಗೆ ಬರುವುದು ಸದ್ದು, ಅದನ್ನು ಕೇಳಿ ಏಳುವುದು ಮನೆಯವರು.

ಇನ್ನು, ಸೂಕ್ಷ್ಮದರ್ಶಕದ ಕೆಲಸಕ್ಕೆ 2014ರಲ್ಲಿ ನೊಬೆಲ್ ಪಡೆದವರಿಂದಾಗಿ, ಬೆಳಕಿನ ಸೂಕ್ಷ್ಮದರ್ಶಕ ಎಷ್ಟು ಚಿಕ್ಕದನ್ನು ತೋರಿಸಬಲ್ಲದು ಎಂದು ಜರ್ಮನ್ ಭೌತವಿಜ್ಞಾನಿ ಅಬ್ಬೆ 1873ರಲ್ಲಿ ಹೇಳಿದ ಮಿತಿ ಸುಳ್ಳಾಯಿತು ಅಂತ ಬರೆದಿದ್ದೀರಿ. ಸುಳ್ಳಾಗಿಲ್ಲ. ಮಾಮೂಲಿ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರದ ಎರಡು ಚುಕ್ಕೆ ಇಂದಿಗೂ ಒಂದಾಗಿಯೇ ಕಾಣುತ್ತವೆ. ನೊಬೆಲ್ ಪಡೆದವರು ಅದಕ್ಕೆ ಬಳಸುದಾರಿ ಹುಡುಕಿದರು. ಒಂದು ದಾರಿಯಲ್ಲಿ ಒಂದು ಸಲಕ್ಕೆ ಕೆಲವೇ ಅಣುಗಳನ್ನು ಬೆಳಗಿಸಿ, ಒಂದೊಂದರ ನಡುಬಿಂದು ಗುರುತಿಸಿ, ಅಂಥ ಸಾವಿರಾರು ಚಿತ್ರ ಕೂಡಿಸುತ್ತಾರೆ. ಎರಡು ಸಾಲು ಸಾಕು ಇದಕ್ಕೆ.

ಅಕ್ಕನಿಗೆ ಒಂದು ಪ್ರಶ್ನೆ ಕೇಳಿ ಬನ್ನಿ: ಏನು ಮಾಡಿದರೂ ಕೋಶ ಬೆಳಗದ ದಿನ ಅವರು ಮೊದಲು ಏನನ್ನು ಅನುಮಾನಿಸುತ್ತಾರೆ? ಬಣ್ಣವನ್ನಾ, ಲೇಸರನ್ನಾ, ಕೋಶವನ್ನಾ? ಉತ್ತರವನ್ನು ಅವರ ಮಾತಿನಲ್ಲೇ ಬರೆದು, ಮೂರು ಪುಟಕ್ಕೆ ಇಳಿಸಿ ಕಳಿಸಿ. ಗುಮ್ಮಟದ ಫೋಟೊ ಬೇಡ, ಆ ಹಸಿರು ಪರದೆಯ ಚಿತ್ರ ಲ್ಯಾಬಿನವರ ಒಪ್ಪಿಗೆ ಕೇಳಿ ಕಳಿಸಿದರೆ ಆಯಿತು.