ಏನೂ ಮಾಡದೆ ನಿಂತ ನೂತನ್

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಹಳೆಯ ಹಿಂದಿ ನಾಯಕಿಯರ ಬಗ್ಗೆ ಬರೆದಿದ್ದೀರಿ. ಮಧುಬಾಲಾಗೆ ಎರಡು ಪುಟ, ನನ್ನ ನೂತನ್‌ಗೆ ಒಂದೂವರೆ ಸಾಲು! ನನಗೀಗ ಎಪ್ಪತ್ತಾರು. ಹುಡುಗಿಯಾಗಿದ್ದಾಗ ‘ಬಂದಿನಿ’ ನೋಡಿ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಿರಲಿಲ್ಲ. ಪಾಪ, ಅಳುವ ಪಾತ್ರ ಬಿಟ್ಟು ಬೇರೆ ಕೊಡಲಿಲ್ಲ, ಪ್ರಶಸ್ತಿಯನ್ನೂ ಕೊಡಲಿಲ್ಲ. ನೀವೂ ಹಾಗೇ ಮಾಡಿದಿರಿ. ಮೊನ್ನೆ ಮೊಮ್ಮಗಳಿಗೆ ‘ಸುಜಾತಾ’ದ ಫೋನ್ ಹಾಡು ತೋರಿಸಿದೆ. ‘ಅಜ್ಜಿ, ಅವರು ಏನೂ ಮಾಡ್ತಾನೇ ಇಲ್ವಲ್ಲ’ ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನೀವಾದರೂ ಹೇಳಿ.
– ಹಿರಿಯ ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ಅಮ್ಮಾ, ತಪ್ಪು ನಮ್ಮದೇ. ಒಂದೂವರೆ ಸಾಲು ಅಂತ ನೀವು ಬರೆದಿದ್ದೀರಿ. ತೆಗೆದು ನೋಡಿದೆ, ಪೂರ್ತಿ ಒಂದೂವರೆಯೂ ಇರಲಿಲ್ಲ. ಆ ಲೇಖನಕ್ಕೆ ಕತ್ತರಿ ಹಾಕಿದವನು ನಾನೇ. ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ಸದ್ದು ಮಾಡದವರ ಮೇಲೆ.

ನಿಮ್ಮ ಮೊಮ್ಮಗಳು ಹೇಳಿದ್ದು ಸರಿಯಾಗಿಯೇ ಇದೆ. ಆ ಹಾಡಿನಲ್ಲಿ ನೂತನ್ ಏನೂ ಮಾಡುವುದಿಲ್ಲ. ಆ ಕಡೆ ಸುನೀಲ್ ದತ್ತ್ ಫೋನಿನಲ್ಲಿ ಹಾಡುತ್ತಾರೆ, ತಲತ್ ಮಹಮೂದ್ ದನಿಯಲ್ಲಿ. ಈ ಕಡೆ ನೂತನ್ ರಿಸೀವರ್ ಹಿಡಿದು ನಿಂತಿರುತ್ತಾರೆ. ಕೇಳುತ್ತಾರೆ. ಅಷ್ಟೇ.

ಆದರೆ ಯಾರು ಕೇಳುತ್ತಿರುವುದು ಅಂತ ಮೊಮ್ಮಗಳಿಗೆ ಗೊತ್ತಿರಬೇಕಲ್ಲ? ನೀವು ಹಾಡು ಮಾತ್ರ ತೋರಿಸಿದಿರೋ ಏನೋ. ಅಸ್ಪೃಶ್ಯರ ಮನೆಯಲ್ಲಿ ಹುಟ್ಟಿದ ಹುಡುಗಿ ಈ ಸುಜಾತಾ. ಒಬ್ಬ ಎಂಜಿನಿಯರ್ ಮನೆಯಲ್ಲಿ ಬೆಳೆದಿದ್ದಾಳೆ. ಬಂದವರಿಗೆಲ್ಲ ಆ ಮನೆಯ ತಾಯಿ ಇವಳನ್ನು ಪರಿಚಯಿಸುವುದು ‘ನಮ್ಮ ಮಗಳ ಥರ’ ಅಂತ. ಮಗಳಲ್ಲ, ಮಗಳ ಥರ. ಆ ‘ಥರ’ ಅನ್ನುವ ಒಂದು ಪದದ ಮೇಲೆ ಬಿಮಲ್ ರಾಯ್ ಇಡೀ ಸಿನಿಮಾ ಕಟ್ಟಿದರು, 1959ರಲ್ಲಿ. ಫೋನಿನಲ್ಲಿ ಹಾಡುತ್ತಿರುವವನು ಆ ಮನೆಯ ಸ್ವಂತ ಮಗಳಿಗೆ ಅಂದುಕೊಂಡಿದ್ದ ವರ. ಹೂಂ ಅಂದರೆ ಸಾಕಿದವರಿಗೆ ದ್ರೋಹ. ಉಹೂಂ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಫೋನ್ ಇಟ್ಟುಬಿಡಲೂ ಆಗುತ್ತಿಲ್ಲ. ಇದಷ್ಟನ್ನೂ ಮಾತಿಲ್ಲದೆ, ಹಾಡಿಗೆ ತುಟಿಯೂ ಆಡಿಸದೆ ತೋರಿಸಬೇಕು. ಏನೂ ಮಾಡ್ತಾನೇ ಇಲ್ಲ ಅಂತ ಮೊಮ್ಮಗಳಿಗೆ ಅನ್ನಿಸಿದ್ದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇಲ್ಲ.

ನಿಮ್ಮ ಪತ್ರ ಓದಿದ ಮೇಲೆ ಇನ್ನೊಂದು ಹೊಳೆಯಿತು. ನೂತನ್ ಹಾಡು ಕೇಳುವ ದೃಶ್ಯಗಳು ಎಷ್ಟೊಂದಿವೆ ನೋಡಿ. ‘ಸೀಮಾ’ದಲ್ಲಿ ಬಲರಾಜ್ ಸಾಹನಿ ಪ್ರಾರ್ಥನೆ ಹಾಡುತ್ತಾರೆ. ಕಳ್ಳತನದ ಆರೋಪ ಹೊತ್ತ ಸಿಡುಕಿನ ಹುಡುಗಿ ಅದನ್ನು ಕೇಳುತ್ತಾ ಮೆತ್ತಗಾಗುತ್ತಾಳೆ. ‘ತೇರೇ ಘರ್ ಕೇ ಸಾಮ್ನೇ’ಯಲ್ಲಿ ದೇವ್ ಆನಂದ್ ಕುತುಬ್ ಮಿನಾರ್ ಮೆಟ್ಟಿಲು ಇಳಿಯುತ್ತಾ ಹಾಡುತ್ತಾರೆ, ನೂತನ್ ನಗುತ್ತಾ ಕೇಳುತ್ತಾ ಇಳಿಯುತ್ತಾರೆ. (ಒಳಗೆ ಕ್ಯಾಮೆರಾ ಇಡಲು ಜಾಗವಿಲ್ಲದೆ ಮಿನಾರಿನ ಸೆಟ್ ಹಾಕಿ ತೆಗೆದದ್ದಂತೆ. ನೋಡಿದರೆ ಗೊತ್ತೇ ಆಗಲ್ಲ ಅಲ್ವಾ?) ಹಾಡುವವರ ಮುಖಕ್ಕಿಂತ ಕೇಳುವವರ ಮುಖವೇ ನಮಗೆ ನೆನಪಿರುತ್ತದೆ. ನೂತನ್ ಶಾಸ್ತ್ರೀಯ ಸಂಗೀತ ಕಲಿತವರು, ‘ಛಬೀಲಿ’ ಚಿತ್ರದಲ್ಲಿ ತಮ್ಮ ಹಾಡುಗಳನ್ನು ತಾವೇ ಹಾಡಿದವರು. ಹಾಡು ಬಲ್ಲವರು ಹಾಡು ಕೇಳುವ ರೀತಿಯೇ ಬೇರೆ ಅಂತ ನನ್ನ ಅನಿಸಿಕೆ.

ಇನ್ನು ನಿಮ್ಮ ‘ಬಂದಿನಿ’. 1963ರ ಚಿತ್ರ. ತಾನು ಆರೈಕೆ ಮಾಡುತ್ತಿರುವ ರೋಗಿ ತಾನು ಪ್ರೀತಿಸಿದ ಬಿಕಾಶನ (ಅಶೋಕ್ ಕುಮಾರ್) ಹೆಂಡತಿ ಅಂತ ಕಲ್ಯಾಣಿಗೆ (ನೂತನ್) ಗೊತ್ತಾಗುವ ಹೊತ್ತು. ಹೊರಗೆ ವೆಲ್ಡಿಂಗ್ ನಡೆದಿದೆ, ಕಬ್ಬಿಣ ಬಡಿಯುವ ಸದ್ದು ಒಳಗೆಲ್ಲ ತುಂಬಿದೆ. ಅದರ ಬೆಳಕು ಅವಳ ಮುಖದ ಮೇಲೆ ಹೊತ್ತಿ ಆರುತ್ತದೆ, ಮತ್ತೆ ಹೊತ್ತುತ್ತದೆ. ಚಹಾಕ್ಕೆ ವಿಷ ಬೀಳುವ ಮುಂಚೆಯೇ ಆ ಮುಖದಲ್ಲಿ ಕೊಲೆ ನಡೆದುಹೋಗಿರುತ್ತದೆ. ಒಂದು ಕಿರುಚಾಟವಿಲ್ಲ. ಬೇರೆಯವರಾಗಿದ್ದರೆ ಕಣ್ಣು ಕೆಂಪು ಮಾಡಿ ಕೂದಲು ಕೆದರಿಕೊಂಡಿರುತ್ತಿದ್ದರು. ಕೊನೆಗೆ ಹಡಗುಕಟ್ಟೆಯಲ್ಲೂ ಅಷ್ಟೆ. ಎಸ್.ಡಿ. ಬರ್ಮನ್ ದನಿಯಲ್ಲಿ ಅಂಬಿಗನ ಹಾಡು ಬರುತ್ತಿರುತ್ತದೆ, ಅವಳು ಕೇಳುತ್ತಿರುತ್ತಾಳೆ. ರೈಲು ಹತ್ತಿದರೆ ಅವಳನ್ನು ಮದುವೆಯಾಗಬಯಸುವ ಧರ್ಮೇಂದ್ರ, ಹಡಗು ಹತ್ತಿದರೆ ಕಾಯಿಲೆ ಬಿದ್ದ ಅಶೋಕ್ ಕುಮಾರ್. ಅವಳು ಹಡಗಿನತ್ತ ಓಡುತ್ತಾಳೆ. ಅದು ಸರಿಯೋ ತಪ್ಪೋ ಅಂತ ನಮ್ಮ ಕಚೇರಿಯಲ್ಲಿ ಇವತ್ತಿಗೂ ಜಗಳ. ನಾನು ತಪ್ಪು ಅನ್ನುವ ಕಡೆಯವನು.

ಎರಡು ಕಡೆ ನಿಮ್ಮ ಮಾತು ಒಪ್ಪಲಾರೆ, ಬೇಸರ ಮಾಡಿಕೊಳ್ಳಬೇಡಿ. ಬರೀ ಅಳುವ ಪಾತ್ರ ಅಂದಿರಿ. 1958ರ ‘ದಿಲ್ಲಿ ಕಾ ಠಗ್’ನಲ್ಲಿ ಈಜುಡುಗೆ ಹಾಕಿ, ಕಿಶೋರ್ ಕುಮಾರ್ ಜೊತೆ ತುಂಟಾಟ ಆಡಿದ್ದು ಇದೇ ನೂತನ್. ಅವರು ನಟಿಸಿದ ‘ನಗೀನಾ’ಗೆ ‘ಎ’ ಸರ್ಟಿಫಿಕೇಟ್ ಸಿಕ್ಕಿ, ವಯಸ್ಸು ಸಾಲದು ಅಂತ ಅವರನ್ನೇ ಒಳಗೆ ಬಿಡದ ಕಥೆ ನಿಮಗೂ ಗೊತ್ತಿರಬೇಕು. ಪ್ರಶಸ್ತಿಯೂ ಅಷ್ಟೆ: ಶ್ರೇಷ್ಠ ನಟಿ ಫಿಲ್ಮ್‌ಫೇರ್ 5 ಸಲ. ಐದನೆಯದು 1978ರ ‘ಮೈ ತುಲಸಿ ತೇರೇ ಆಂಗನ್ ಕೀ’ಗೆ, ಉಳಿದ ನಾಯಕಿಯರು ಅಮ್ಮನ ಪಾತ್ರಕ್ಕೆ ಸರಿಯುವ ವಯಸ್ಸಿನಲ್ಲಿ. ಆ ಐದರ ಲೆಕ್ಕವನ್ನು ಮುಂದೆ ಸರಿಗಟ್ಟಿದವರು ತಂಗಿ ತನುಜಾ ಮಗಳು ಕಾಜೋಲ್. ಹಾಗಾಗಿ ಮುಂಬಯಿಯವರು ಮರೆತರು ಅನ್ನಲಾಗದು. ಮರೆತವರು ನಾವು, ಬರೆಯುವವರು. 1991ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 54, ಅಷ್ಟೇ.

ಮೊಮ್ಮಗಳಿಗೆ ಈ ಸಲ ‘ಸುಜಾತಾ’ ಮೊದಲಿನಿಂದ ತೋರಿಸಿ. ಫೋನ್ ಹಾಡು ಬಂದಾಗ ನೀವು ಸುಮ್ನೆ ಇರಿ, ವಿವರಿಸಲು ಹೋಗಬೇಡಿ. ಅವಳು ಏನಂದಳು ಅಂತ ನಾಲ್ಕು ಸಾಲು ಬರೆದು ಕಳಿಸಿ. ಮುಂದಿನ ತಿಂಗಳು ನೂತನ್‌ಗೆ ಎರಡು ಪುಟ ತೆಗೆದಿಟ್ಟಿದ್ದೇನೆ. ಕತ್ತರಿಯನ್ನು ಬೇರೆಯವರ ಕೈಗೆ ಕೊಟ್ಟಿದ್ದೇನೆ.