ಆತಂಕದ ಮಾತ್ರೆ ಕೆಲಸ ಆರಂಭಿಸುವವರೆಗೆ ದಿನಗಳನ್ನು ಕಳೆಯುವುದು ಹೇಗೆ?

ಆತಂಕಕ್ಕೆಂದು ಕೊಟ್ಟ ಎಸ್ಸಿಟಾಲೋಪ್ರಾಮ್ ಮಾತ್ರೆ ಆರಂಭಿಸಿ ಒಂಬತ್ತು ದಿನಗಳಾದರೂ ಆತಂಕ ಇಳಿಯುವ ಬದಲು ಹೆಚ್ಚಾಗಿದೆ, ಮಾತ್ರೆ ನಿಲ್ಲಿಸಿಬಿಡಲೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಮಾತ್ರೆ ತೆಗೆದುಕೊಂಡು ಇದೇ ವಾರಗಳನ್ನು ದಾಟಿದವನು. ದಯವಿಟ್ಟು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಈಗಿನ ತಳಮಳದಿಂದ ಮಾತ್ರೆ ನಿಮಗೆ ಹಿಡಿಸಲಿಲ್ಲವೆಂದು ತೀರ್ಮಾನಿಸುವುದು ಅವಸರವಾಗುತ್ತದೆ.

ಈ ಗುಂಪಿನ ಔಷಧಿಗಳು ಮಿದುಳಿನ ನರಕೋಶಗಳ ನಡುವೆ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚು ಉಳಿಯುವಂತೆ ಮಾಡುತ್ತವೆ. ಆ ಬದಲಾವಣೆ ಬೇಗನೆ ಆರಂಭವಾದರೂ ಮಿದುಳು ಅದಕ್ಕೆ ಹೊಂದಿಕೊಳ್ಳಲು ವಾರಗಳೇ ಬೇಕಾಗುವುದರಿಂದ, ಓಕರಿಕೆ, ನಿದ್ದೆಗೇಡು, ಚಡಪಡಿಕೆಗಳು ಮೊದಲು ಬಂದು ನೆಮ್ಮದಿ ತಡವಾಗಿ ಬರುತ್ತದೆ. ಸಾಮಾನ್ಯವಾಗಿ ಈ ತೊಂದರೆಗಳು ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಗುಣ 2ರಿಂದ 6 ವಾರಗಳಲ್ಲಿ ಕಾಣತೊಡಗುತ್ತದೆ, ಪೂರ್ಣ ಪರಿಣಾಮಕ್ಕೆ ಕೆಲವರಿಗೆ 12 ವಾರಗಳೂ ಹಿಡಿಯುತ್ತವೆ. ಅನೇಕ ವೈದ್ಯರು 5 ಮಿಲಿಗ್ರಾಂನಿಂದ ಶುರುಮಾಡಿ 10ಕ್ಕೆ ಏರಿಸುವುದು ಈ ಆರಂಭದ ಚಡಪಡಿಕೆಯನ್ನು ಕಡಿಮೆ ಮಾಡಲೆಂದೇ. ನಿಮಗೆ ನೇರವಾಗಿ 10 ಕೊಟ್ಟಿದ್ದರೆ, ಮುಂದಿನ ಭೇಟಿಯವರೆಗೆ ಕಾಯದೆ ಈಗಲೇ ಫೋನ್ ಮಾಡಿ ಕೇಳಿ.

ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಬೆಳಗಿನ ಜಾವ. ನಾಲ್ಕು ಗಂಟೆಯ ಸುಮಾರಿಗೆ ಎದೆ ಹೊಡೆದುಕೊಂಡು ಎಚ್ಚರವಾಗುತ್ತಿತ್ತು, ಮಲಗಿದಲ್ಲೇ ಹೊರಳಾಡಿದಷ್ಟೂ ಯೋಚನೆಗಳು ಮುತ್ತಿಕೊಳ್ಳುತ್ತಿದ್ದವು. ಎದ್ದು ಅಡುಗೆಮನೆಯ ದೀಪ ಹಾಕಿ, ಹಿಂದಿನ ಸಂಜೆ ತಂದಿಟ್ಟ ಸೊಪ್ಪನ್ನು ಬಿಡಿಸುತ್ತಾ ಕೂರುತ್ತಿದ್ದೆ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡುತ್ತಿದ್ದೆ. ಗಾಬರಿ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತುದಿಗೇರಿ ತಾನಾಗಿಯೇ ಇಳಿಯುತ್ತದೆ, ಅದನ್ನು ತಡೆಯಲು ಹೆಣಗದೆ ಕೈಗೊಂದು ಕೆಲಸ ಕೊಟ್ಟು ಹಾದುಹೋಗಲು ಬಿಡುವುದೇ ಮೇಲು ಎಂಬುದು ನನ್ನ ಅನುಭವ. ಕಾಫಿಯನ್ನು ಆ ವಾರಗಳ ಮಟ್ಟಿಗೆ ಬಿಟ್ಟೆ, ಏಕೆಂದರೆ ಅದರಿಂದಾಗುವ ಎದೆಬಡಿತಕ್ಕೂ ಆತಂಕದ ಎದೆಬಡಿತಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ತಿಂಡಿಯಾದ ಮೇಲೆ ಮಾತ್ರೆ ತೆಗೆದುಕೊಂಡಿದ್ದರಿಂದ ಓಕರಿಕೆ ಕಡಿಮೆಯಾಯಿತು.

ಮೊದಲ ಕೆಲವು ವಾರಗಳಿಗೆಂದು, ಆತಂಕವನ್ನು ಬೇಗ ತಗ್ಗಿಸುವ ಕ್ಲೊನಾಜೆಪಾಮ್ ಮಾತ್ರೆಯನ್ನೂ ಬರೆದುಕೊಟ್ಟಿದ್ದರೆ, ಅಂಜದೆ, ಹೇಳಿದಷ್ಟನ್ನೇ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಅದು ಅಭ್ಯಾಸವಾಗಬಲ್ಲ ಔಷಧಿ, ಮದ್ಯದ ಜೊತೆಗಂತೂ ಅಪಾಯಕಾರಿ. ಎಸ್ಸಿಟಾಲೋಪ್ರಾಮ್ ಆ ಬಗೆಯದಲ್ಲ. ಮನೆಯವರು 'ಇದಕ್ಕೆ ಅಂಟಿಕೊಂಡುಬಿಡ್ತೀಯ' ಎಂದು ಹೆದರಿಸಿದರೆ ಈ ವ್ಯತ್ಯಾಸವನ್ನು ಅವರಿಗೆ ತಿಳಿಸಿ ಹೇಳಿ. ಬಿಡುವ ಕಾಲ ಬಂದಾಗ ಮಾತ್ರ ವೈದ್ಯರ ಸಲಹೆಯಂತೆ ಹಂತಹಂತವಾಗಿ ಬಿಡಬೇಕಾಗುತ್ತದೆ.

ಗಂಟೆಗೊಮ್ಮೆ 'ಈಗ ಹೇಗಿದೆ' ಎಂದು ಮನಸ್ಸನ್ನು ತಡಕಿ ನೋಡುವುದರಿಂದ ಆತಂಕ ಇನ್ನಷ್ಟು ಬೆಳೆಯುತ್ತದೆ. ರಾತ್ರಿ ಒಂದೇ ಸಾಲು ಬರೆದಿಡಿ: ಎಷ್ಟು ನಿದ್ದೆ, ಎಷ್ಟು ಊಟ, ಯಾವ ಕೆಲಸ ಮಾಡಲಾಯಿತು. ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ. ನನ್ನ ಚೇತರಿಕೆ ನನಗಿಂತ ಮೊದಲು ಗೊತ್ತಾಗಿದ್ದು ನನ್ನ ಹೆಂಡತಿಗೆ; 'ಈಚೆಗೆ ನೀವು ಊಟದ ಮಧ್ಯೆ ತಟ್ಟೆ ಬಿಟ್ಟು ಏಳ್ತಾ ಇಲ್ಲ' ಎಂದಳು. ಆ ನಂತರವೂ ಕೆಟ್ಟ ದಿನಗಳು ನಡುನಡುವೆ ಬಂದವು, ಆದರೆ ಅವುಗಳ ನಡುವಿನ ಅಂತರ ಹೆಚ್ಚುತ್ತಾ ಹೋಯಿತು.

ಕಾಯಬಾರದ ಸಂದರ್ಭಗಳೂ ಇವೆ. ಕುಳಿತಲ್ಲಿ ಕೂರಲಾಗದಂಥ ತೀವ್ರ ಚಡಪಡಿಕೆ, ನಿದ್ದೆಯೇ ಬೇಡವೆನಿಸುವ ವಿಪರೀತ ಹುಮ್ಮಸ್ಸು, ಮೈಮೇಲೆ ದದ್ದು, ಸಾಯಬೇಕೆಂಬ ಯೋಚನೆ ಇವುಗಳಲ್ಲಿ ಯಾವುದು ಕಂಡರೂ ಅಂದೇ ವೈದ್ಯರನ್ನು ಸಂಪರ್ಕಿಸಿ. 25 ವರ್ಷದೊಳಗಿನವರಲ್ಲಿ ಆರಂಭದ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚಬಹುದೆಂಬ ಎಚ್ಚರಿಕೆ ಈ ಔಷಧಿಗಳ ಮೇಲಿದೆ. ಅಂಥ ಯೋಚನೆ ಬಂದರೆ ಒಬ್ಬರೇ ಇರಬೇಡಿ, ಮನೆಯವರನ್ನು ಎಬ್ಬಿಸಿ, ಹತ್ತಿರದ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ತೆರೆದಿರುತ್ತದೆ, ಉಚಿತ, ಕನ್ನಡದಲ್ಲೇ ಮಾತನಾಡಬಹುದು.